ಹನಿ ನೀರಾವರಿಗೆ ರೈತರು ಹಿಂಜರಿಯುವುದೇಕೆ?

ಪ್ರಶ್ನೆ: ಹನಿ ನೀರಾವರಿಯಿಂದ ಇಷ್ಟೆಲ್ಲ ನೀರು ಉಳಿಯುವುದಾದರೆ ರೈತರು ಇನ್ನೂ ಹೊಲಕ್ಕೆ ನೀರು ಹಾಯಿಸುತ್ತಲೇ ಇರುವುದೇಕೆ? ತಿಳಿವಳಿಕೆಯ ಕೊರತೆಯೇ?

ಉತ್ತರ: ಅಲ್ಲ. ಇದನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೆ ಎಂಬ ಲೆಕ್ಕ ನನಗೇ ತಪ್ಪಿದೆ.

ಒಬ್ಬನೇ ರೈತ ಹಣ್ಣಿನ ತೋಟಕ್ಕೆ ಹನಿ ಪೈಪು ಎಳೆದು, ಬದುವಿನಾಚೆಯ ಧಾನ್ಯದ ಹೊಲಕ್ಕೆ ನೀರು ಹಾಯಿಸುವುದನ್ನು ನೀವೂ ನೋಡಿರುತ್ತೀರಿ. ಬದು ದಾಟಿದೊಡನೆ ಅವನ ತಿಳಿವಳಿಕೆ ಎಲ್ಲಿ ಹೋಯಿತು? ಪೈಪಿನ ಸಾಲುಗಳ ನಡುವೆ 5 ಮೀಟರ್ ಅಂತರವಿದ್ದರೆ ಹೆಕ್ಟೇರಿಗೆ 2,000 ಮೀಟರ್ ಪೈಪು ಸಾಕು. ಸಾಲುಗಳು ಒತ್ತಾಗಿರುವ ಧಾನ್ಯದ ಹೊಲದಲ್ಲಿ ಅಂತರ 1 ಮೀಟರಿಗೆ ಇಳಿದರೆ 10,000 ಮೀಟರ್ ಬೇಕು, ಧಾನ್ಯಕ್ಕೆ ಸಿಗುವ ಬೆಲೆಯೋ ಹಣ್ಣಿಗಿಂತ ಕಡಿಮೆ. ನೀರಿನ ಶುಲ್ಕವನ್ನು ಅಳತೆಯ ಬದಲು ಜಮೀನಿನ ವಿಸ್ತೀರ್ಣದ ಮೇಲೆ ವಿಧಿಸುವ ಕಡೆ, ಉಳಿಸಿದ ನೀರಿನಿಂದ ಅವನಿಗೆ ಬಿಡಿಗಾಸೂ ಉಳಿಯುವುದಿಲ್ಲ. ಒಂದು ವರ್ಷದ ಗುತ್ತಿಗೆಗೆ ಜಮೀನು ಹಿಡಿದವನು ಹತ್ತು ವರ್ಷ ಬಾಳುವ ಪೈಪನ್ನು ಯಾರಿಗಾಗಿ ಹೂಳಬೇಕು? ಕಾಲುವೆಯ ನೀರು ಸರದಿಯಂತೆ ವಾರಕ್ಕೊಮ್ಮೆ ಬಂದರೆ, ದಿನವೂ ಸ್ವಲ್ಪಸ್ವಲ್ಪವೇ ನೀರು ಕೇಳುವ ಹನಿ ಪದ್ಧತಿಗೆ ಮೊದಲು ಒಂದು ಹೊಂಡವನ್ನೇ ತೋಡಬೇಕು.

ಇನ್ನು ಗಡಸು ನೀರಿನ ಕಾಟ. ಪೈಪಿನಿಂದ ನೀರನ್ನು ಹನಿಹನಿಯಾಗಿ ಬಿಡುವ ಡ್ರಿಪ್ಪರಿನ ಸಣ್ಣ ಕಿಂಡಿಯಲ್ಲಿ ಸುಣ್ಣದಂಥ ಬಿಳಿ ಹೆಕ್ಕಳೆ ಕಟ್ಟಿದ್ದು ಹೊರಗೆ ಕಾಣುವುದಿಲ್ಲ. ಗಿಡ ಬಾಡಿದ ಮೇಲಷ್ಟೇ ತಿಳಿಯುತ್ತದೆ. ಹಾಯಿಸಿದ ನೀರು ಎಲ್ಲಿಗೆ ಮುಟ್ಟಿತು, ಎಲ್ಲಿಗೆ ಮುಟ್ಟಲಿಲ್ಲ ಎಂಬುದು ಮಾತ್ರ ಬದುವಿನ ಮೇಲೆ ನಿಂತವನಿಗೆ ಕಣ್ಣಿಗೇ ಕಾಣುತ್ತದೆ. ಇದು ಮೊಂಡುತನವಲ್ಲ, ಲೆಕ್ಕಾಚಾರ. ನನ್ನ ಪ್ರಕಾರ, ಸಲಹೆ ಕೊಡುವ ನಮ್ಮಲ್ಲಿ ಅನೇಕರಿಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಬರುವುದಿಲ್ಲ.

ನಿಜವಾದ ತಪ್ಪು ಕಲ್ಪನೆ ಒಂದಿದೆ, ಒಪ್ಪುತ್ತೇನೆ: ಮೇಲ್ಮಣ್ಣು ಒಣಗಿದ್ದರೆ ಬೇರಿಗೂ ನೀರಿಲ್ಲ ಎಂಬುದು. ಮೇಲೆ ತಟ್ಟೆಯಷ್ಟಗಲ ಮಾತ್ರ ಒದ್ದೆಯಾಗಿ ಕಂಡರೂ ತೇವ ಒಳಗೆ ಹರಡಿರುತ್ತದೆ, ಜೇಡಿಮಣ್ಣಿನಲ್ಲಿ ಅಗಲಕ್ಕೆ, ಮರಳುಮಣ್ಣಿನಲ್ಲಿ ಆಳಕ್ಕೆ. ಒಂದು ಗೇಣು ಅಗೆದು ಹಿಡಿ ಮಣ್ಣನ್ನು ಅಮುಕಿದರೆ ಉಂಡೆಯಾಗುತ್ತದೆ. ಈ ವಿಷಯದಲ್ಲಿ ನನ್ನ ಭಾಷಣಕ್ಕಿಂತ ಗುದ್ದಲಿಯ ಮಾತನ್ನೇ ಜನ ಬೇಗ ನಂಬಿದ್ದಾರೆ.

ಹಾಗಾದರೆ ಎಲ್ಲರೂ ಪೈಪು ಹಾಕಿದರೆ ಅಂತರ್ಜಲ ಏರುತ್ತದೆಯೇ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಹಾಯಿಸಿದಾಗ ಹೆಚ್ಚಾದ ನೀರಿನಲ್ಲಿ ಒಂದು ಪಾಲು ಕೆಳಗಿಳಿದು ನೆರೆಯವನ ಬಾವಿ ಸೇರುತ್ತಿತ್ತು. ಹನಿ ಪದ್ಧತಿಯಲ್ಲಿ ಆ ಪಾಲು ಕಡಿಮೆಯಾಗುತ್ತದೆ. ಉಳಿದ ನೀರಿನಲ್ಲಿ ರೈತ ಇನ್ನಷ್ಟು ಜಮೀನಿಗೆ ನೀರುಣಿಸುತ್ತಾನೆ, ಇಲ್ಲವೇ ಹೆಚ್ಚು ನೀರು ಕುಡಿಯುವ ಬೆಳೆಗೆ ಹೊರಳುತ್ತಾನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಹೊರತಂದ ವರದಿಯೊಂದು ಇದನ್ನೇ ಎತ್ತಿ ತೋರಿಸಿತು: ಎತ್ತುವ ನೀರಿಗೆ ಮೊದಲೇ ಮಿತಿ ಹಾಕದ ಕಡೆ, ಪೈಪು ಬಂದ ಮಾತ್ರಕ್ಕೆ ಒಟ್ಟು ಬಳಕೆ ಇಳಿದದ್ದು ವಿರಳ.