ಕ್ಯಾನಿನ ಹಿಡಿಕೆಯೊಳಗೆ ಬೆರಳು ಹೋಗುತ್ತಾ?

"ಸರ, ನಳದ ನೀರ ಕೆಟ್ಟಾವ್ರಿ, ಬಂದ ನೋಡ್ರಿ" ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಮಾತು. ನೀರು ಯಾವುದರಲ್ಲಿ ತುಂಬಿಡ್ತೀರಿ? ಅರ್ಧ ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಹುಬ್ಬಳ್ಳಿ-ಧಾರವಾಡದ ಕಡೆ ಕುಡಿಯುವ ನೀರಿನ ಪರೀಕ್ಷೆ ಮಾಡಿಕೊಂಡು ಬಂದವನು ನಾನು. ಇಲ್ಲಿ 2008ರಲ್ಲೇ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಬಂತು. ಉಳಿದವರು ನಳ ಯಾವಾಗ ಬರುತ್ತದೆ ಅಂತ ದಿನ ಎಣಿಸುವುದು ತಪ್ಪಲಿಲ್ಲ. ಹಾಗಾಗಿ ನೀರು ತುಂಬಿಡಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಳೇ ಎಣ್ಣೆ ಕ್ಯಾನ್ ಬಳಸಲೇಬೇಡಿ ಅಂತಲೂ ಹೇಳುವುದಿಲ್ಲ, ಯಾಕಂದರೆ ಹೇಳಿದರೂ ಬಳಸುತ್ತಾರೆ. ನನ್ನ ಜಗಳ ಇರುವುದು ಬೇರೆ ಮಾತಿನ ಜೊತೆ: "ಬ್ಲೀಚಿಂಗ್ ಪೌಡರ್ ಹಾಕೇನಲ್ರಿ, ಮತ್ತೇನ್ ಆಗತೈತಿ?"

ಒಂದು ಮನೆಗೆ ಹೋಗಿದ್ದೆ. ಮೂರು ಮಕ್ಕಳಿಗೂ ಹೊಟ್ಟೆ ಕೆಟ್ಟಿತ್ತು. ನಳದ ನೀರಿಗೆ ಕ್ಲೋರಿನ್ ಪರೀಕ್ಷೆಯ ದ್ರಾವಣದ ಹನಿ ಹಾಕಿದೆ, ಚೆಂದ ಹಳದಿ ಬಣ್ಣ ಬಂತು, ಅಂದರೆ ಕ್ಲೋರಿನ್ ಇದೆ. ಅದೇ ನೀರನ್ನು ಹಿಂದಿನ ದಿನ ತುಂಬಿಟ್ಟಿದ್ದ ಕ್ಯಾನಿನಿಂದ ತೆಗೆದು ಹನಿ ಹಾಕಿದೆ. ಬಣ್ಣವೇ ಇಲ್ಲ. ಎಚ್‌2ಎಸ್ ಅನ್ನುವ ಸೂಕ್ಷ್ಮಜೀವಿ ಪರೀಕ್ಷೆಯ ಬಾಟಲಿಗೂ ಅದೇ ನೀರು ತುಂಬಿಸಿ ತಂದೆ, ಮರುದಿನ ಬೆಳಗ್ಗೆ ನೋಡಿದರೆ ಇದ್ದಿಲಿನ ಹಾಗೆ ಕಪ್ಪು. ಬಾಟಲಿ ಹಾಗೆ ಕಪ್ಪಾದರೆ ನೀರಿಗೆ ಮಲದ ಸೂಕ್ಷ್ಮಜೀವಿ ಸೇರಿರಬಹುದು ಅಂತ ಲೆಕ್ಕ.

ಆ ಮನೆಯ ಅಕ್ಕಾರಿಗೆ ಸಿಟ್ಟು ಬಂತು. "ನಾಕ ಸಲ ತೊಳದೇನ್ರಿ, ಬೇಕಾದ್ರ ಮೂಸಿ ನೋಡ್ರಿ." ಮೂಸಿದೆ. ಘಮ್ಮನೆ ಸಾಬೂನಿನ ವಾಸನೆ. ಅದು 15 ಲೀಟರಿನ ಅಡುಗೆ ಎಣ್ಣೆ ಕ್ಯಾನ್, ಮೇಲೆ ಹಿಡಿಕೆ ಇರುವಂಥದ್ದು. ಆ ಹಿಡಿಕೆ ಒಳಗಡೆ ಟೊಳ್ಳು, ಗೊತ್ತಲ್ವಾ? ಯಾರೂ ಅದನ್ನು ಗಮನಿಸುವುದಿಲ್ಲ. ಬಿಸಿನೀರು ತರಿಸಿ ಅರ್ಧ ತುಂಬಿ, ಮುಚ್ಚಳ ಬಿಗಿ ಮಾಡಿ, ಹಿಡಿಕೆ ಕೆಳಗಾಗುವ ಹಾಗೆ ಮಲಗಿಸಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಬಿಳಿ ಬಸಿಗೆ ಸುರಿದರೆ ಮೇಲೆ ಬಣ್ಣಬಣ್ಣದ ಎಣ್ಣೆ ಪದರ, ಜೊತೆಗೆ ಕಂದು ಬಣ್ಣದ ಲೋಳೆಯ ಚೂರುಗಳು. ಮುಚ್ಚಳದ ಒಳಗಿನ ವಾಷರ್ ಎತ್ತಿದರೆ ಅಲ್ಲೂ ಅದೇ ಲೋಳೆ. ಅಕ್ಕಾರ ಮಾತೇ ಆಡಲಿಲ್ಲ, ಸೀದಾ ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಈಗ ಬ್ಲೀಚಿಂಗ್ ವಿಷಯ. ಇದನ್ನು ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳ್ತೇನೆ. ಕ್ಲೋರಿನ್ ಕೊಳೆ ತೊಳೆಯುವುದಿಲ್ಲ. ತೊಳೆದ ಮೇಲೆ ಕಣ್ಣಿಗೆ ಕಾಣದೆ ಉಳಿದದ್ದನ್ನು ಕೊಲ್ಲುತ್ತದೆ, ಅಷ್ಟೇ. ಎಣ್ಣೆ, ಲೋಳೆ, ಹಾಲಿನ ಜಿಡ್ಡು, ಉಪ್ಪಿನಕಾಯಿ ಮಸಾಲೆ ಏನೇ ಸಿಕ್ಕಿದರೂ ಕ್ಲೋರಿನ್ ಮೊದಲು ಅದರ ಜೊತೆ ಗುದ್ದಾಡಿ ತಾನೇ ಖಾಲಿಯಾಗುತ್ತದೆ. ಲೋಳೆಯ ಅಡಿಯಲ್ಲಿ ಕೂತ ಜೀವಿಗಳು ಆರಾಮಾಗಿ ಇರುತ್ತವೆ. ಮನೆಯ ನಳಕ್ಕೆ ಬರುವ ನೀರಿನಲ್ಲೂ ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಆ ಕ್ಯಾನಿನಲ್ಲಿ ಅದೂ ಉಳಿಯುವುದಿಲ್ಲ. ಹಾಗಂತ ಜಾಸ್ತಿ ಹಾಕಿದರೆ? ನೀರು ಕುಡಿಯಲು ಬರುವುದಿಲ್ಲ, ಲೋಳೆ ಇದ್ದಲ್ಲೇ ಇರುತ್ತದೆ. ಮೊದಲು ತೊಳೆಯಿರಿ, ಆಮೇಲೆ ಕ್ಲೋರಿನ್. ತಿರುಗಾಮುರುಗಾ ಆಗಬಾರದು.

ತೊಳೆಯುವುದು ಅಂದರೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ರಾತ್ರಿ ನೆನೆಸುವ ತಾಳ್ಮೆ. ಕುದಿಯುವ ನೀರು ಬೇಡ, ತೆಳು ಬಾಟಲಿ ಮುದುಡಿಕೊಳ್ಳುತ್ತದೆ. ಕೈ ಹೋಗದ ಬಾಯಿ ಇದ್ದರೆ ಒಂದು ಹಿಡಿ ಅಕ್ಕಿ ಹಾಕಿ ಚೆನ್ನಾಗಿ ಕುಲುಕಿ. ಮರಳು, ಬೂದಿ, ಸ್ಟೀಲಿನ ಸ್ಕ್ರಬ್ಬರ್ ಮುಟ್ಟಲೇಬೇಡಿ. ತಾಮ್ರದ ಹಂಡೆಗೆ ಅವು ಸರಿ, ಪ್ಲಾಸ್ಟಿಕ್‌ ಮೇಲೆ ಗೀರು ಬೀಳುತ್ತದೆ, ಮುಂದಿನ ಸಲ ಲೋಳೆ ಕೂರುವುದು ಆ ಗೀರಿನಲ್ಲೇ. ಒಬ್ಬರು ಅಜ್ಜಿ "ಬೂದಿ ಹಚ್ಚಿ ತಿಕ್ಕಿದ್ರ ಬಂಗಾರ ಆಗತೈತಿ" ಅಂತ ನನ್ನ ಎದುರಿಗೇ ಒಂದು ಡಬ್ಬಿ ಹಾಳು ಮಾಡಿದರು. ಬೈಯಲು ಮನಸ್ಸಾಗಲಿಲ್ಲ, ಅಷ್ಟು ಪ್ರೀತಿಯಿಂದ ತಿಕ್ಕುತ್ತಿದ್ದರು.

ಜಿಡ್ಡು ಹೋಯಿತಾ ಅಂತ ತಿಳಿಯಲು ಕೆಲವರು ಒಳಗೆ ನೀರು ಹನಿಹನಿಯಾಗಿ ನಿಂತಿದೆಯಾ ಅಂತ ನೋಡುತ್ತಾರೆ. ಸ್ಟೀಲಿಗೆ ಅದು ನಡೆಯುತ್ತದೆ. ಪ್ಲಾಸ್ಟಿಕ್‌ನಲ್ಲಿ ಜಿಡ್ಡು ಇಲ್ಲದಿದ್ದರೂ ಹನಿ ನಿಲ್ಲುತ್ತದೆ. ಬಿಸಿನೀರು ತುಂಬಿ ರಾತ್ರಿ ಬಿಡಿ, ಬೆಳಗ್ಗೆ ಮೇಲ್ಗಡೆ ಬಣ್ಣದ ಪದರ ಕಾಣಿಸಿದರೆ ಇನ್ನೊಮ್ಮೆ ತೊಳೆಯಿರಿ. ಮೂರು ಸಲ ತೊಳೆದರೂ ಎಣ್ಣೆ ವಾಸನೆ ಬಂದರೆ ಅದು ಪ್ಲಾಸ್ಟಿಕ್ ಒಳಗೇ ಇಳಿದಿದೆ. ಆ ಕ್ಯಾನ್ ಬಳಸುವ ನೀರಿಗೆ ಇರಲಿ, ಕುಡಿಯಲು ಬೇಡ.

ಇಷ್ಟಾದ ಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಪರಿಮಳ ಇಲ್ಲದ ಲಿಕ್ವಿಡ್ ಬ್ಲೀಚ್ ಹಾಕಿ, ಹಿಡಿಕೆಯೊಳಗೂ ಹೋಗುವ ಹಾಗೆ ತಿರುಗಿಸಿ, ಅರ್ಧ ನಿಮಿಷವಾದರೂ ಬಿಟ್ಟು ಚೆಲ್ಲಿ, ಒಳ್ಳೆ ನೀರಿನಲ್ಲಿ ಜಾಲಿಸಿ ಒಣಗಿಸಿ. ಆ ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬೇಡಿ, ವಿಷದ ಗ್ಯಾಸ್ ಬರುತ್ತದೆ. ಇನ್ನು ಮೂಲೆಯಲ್ಲಿ ಎರಡು ವರ್ಷದಿಂದ ಬಾಯಿ ತೆರೆದು ಬಿದ್ದಿರುವ ಬ್ಲೀಚಿಂಗ್ ಪೌಡರ್ ಪ್ಯಾಕೆಟ್ ಇದೆಯಲ್ಲ, ಅದರಲ್ಲಿ ಈಗ ಹೆಚ್ಚುಕಮ್ಮಿ ಸುಣ್ಣದ ಪುಡಿ ಮಾತ್ರ ಉಳಿದಿರುತ್ತದೆ.

ಔಷಧಿ ಹೊಡೆಯುವ ಕ್ಯಾನ್, ಪೇಂಟ್ ಬಕೆಟ್ ಬಗ್ಗೆ ಕೇಳಬೇಡಿ. ಎಷ್ಟೇ ತೊಳೆದರೂ ಕುಡಿಯುವ ನೀರಿಗೆ ಆಗುವುದಿಲ್ಲ, ಅದರಲ್ಲಿ ಚರ್ಚೆಯಿಲ್ಲ.

ಡ್ರಮ್ಮುಗಳದ್ದು ಇನ್ನೊಂದು ಕಥೆ. ಡೆಂಗಿ ತರುವ ಈಡಿಸ್ ಸೊಳ್ಳೆ ತಿಳಿನೀರಿನ ಅಂಚಿಗೆ, ಡ್ರಮ್ಮಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಖಾಲಿಯಾಗಿ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿದರೆ ಅವಕ್ಕೆ ಹಬ್ಬ. ವಾರಕ್ಕೊಮ್ಮೆ ಮೆತ್ತನೆ ಬ್ರಷ್‌ನಿಂದ ಒಳಗೋಡೆ ತಿಕ್ಕಬೇಕು, ಮುಚ್ಚಳ ಬಿಗಿಯಾಗಿರಬೇಕು.

ಆ ಅಕ್ಕಾರ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಈಗ ನಳ ಕೂರಿಸಿದ ಸ್ಟೀಲ್ ಡ್ರಮ್ ತಂದಿದ್ದಾರಂತೆ. "ಹಳೇ ಕ್ಯಾನ್ ಏನ್ ಮಾಡ್ಲಿ ಸರ? ಒಗಿಲಾಕ ಮನಸ್ ಬರವಲ್ದು." ತುಳಸಿಗೆ ನೀರು ಹಾಕಲು ಇಟ್ಟುಕೊಳ್ಳಿ ಅಂದೆ. "ಅದರಾಗ ಎಣ್ಣಿ ಐತಲ್ರಿ, ತುಳಸಿಗೆ ಏನೂ ಆಗಂಗಿಲ್ಲೇನ್ರಿ?" ಅಂತ ಕೇಳಿದರು.