ಕುಲಪತಿ ಕುರ್ಚಿಯಲ್ಲಿ ಕುವೆಂಪು

ಕುವೆಂಪು ಅಂದ ಕೂಡಲೇ ನಮಗೆ ನೆನಪಾಗುವುದು ಕವಿತೆ, ಕಾದಂಬರಿ, ಜ್ಞಾನಪೀಠ. ಮೈಸೂರು ವಿಶ್ವವಿದ್ಯಾನಿಲಯವನ್ನು ಅವರು ನಾಲ್ಕು ವರ್ಷ ನಡೆಸಿದ್ದನ್ನು ಮಾತ್ರ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಇದು ಸರಿಯಲ್ಲ.

ಈ ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆದರೆ ಕನ್ನಡ ಎಂ.ಎ. ತರಗತಿ ಬಂದಿದ್ದು 1927ರಲ್ಲಿ. ಕನ್ನಡ ನಾಡಿನಲ್ಲೇ ಕನ್ನಡ ಅಷ್ಟು ವರ್ಷ ಕಾಯಬೇಕಾಯಿತು! ಆ ಮೊದಲ ತಂಡದಲ್ಲಿ ಓದಿದವರು ಕುವೆಂಪು. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾದರು, 1955ರಲ್ಲಿ ಅಲ್ಲೇ ಪ್ರಿನ್ಸಿಪಾಲರಾದರು. ಮರುವರ್ಷ ಕುಲಪತಿ. ಈ ವಿಶ್ವವಿದ್ಯಾನಿಲಯದಲ್ಲೇ ಓದಿ ಅದರ ಕುಲಪತಿಯಾದ ಮೊದಲಿಗರು ಅವರು.

ಅದು 1956. ಕನ್ನಡ ಮಾತಾಡುವ ಪ್ರದೇಶಗಳೆಲ್ಲ ಒಂದೇ ರಾಜ್ಯವಾದ ವರ್ಷ. ಆದರೂ ಕಾಲೇಜಿನ ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಹಳ್ಳಿಯಿಂದ ಬಂದ ಹುಡುಗನಿಗೆ ವಿಷಯಕ್ಕಿಂತ ಭಾಷೆಯೇ ದೊಡ್ಡ ಗೋಡೆ. ಕುವೆಂಪು ಇಂಗ್ಲಿಷನ್ನು ಓಡಿಸಲಿಲ್ಲ. ಅದರ ಪಕ್ಕದಲ್ಲೇ ಕನ್ನಡ ಮಾಧ್ಯಮದ ತರಗತಿ ತೆರೆದರು. ಪುಸ್ತಕವೇ ಇಲ್ಲ, ಕನ್ನಡದಲ್ಲಿ ವಿಜ್ಞಾನ ಹೇಗೆ ಹೇಳಿಕೊಡುವುದು ಎನ್ನುವವರಿಗೆ ಪುಸ್ತಕ ಬರೆಸಿಯೇ ಉತ್ತರ ಕೊಡಬೇಕಿತ್ತು, ಅಲ್ವಾ? ಅವರು ಮಾಡಿದ್ದು ಅದನ್ನೇ. ವಿಶ್ವವಿದ್ಯಾನಿಲಯದ ಕೆಲಸವನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರಾಗಿ ಹಂಚಿದರು. ಓದುವುದು, ಹುಡುಕುವುದು ಎಷ್ಟು ಮುಖ್ಯವೋ, ಕಲಿತದ್ದನ್ನು ಊರಿನ ಜನಕ್ಕೆ ತಲುಪಿಸುವುದೂ ಅಷ್ಟೇ ಮುಖ್ಯ ಎನ್ನುವುದು ಅವರ ನಿಲುವು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಕೊಟ್ಟ ಉಪನ್ಯಾಸಗಳು ಪ್ರಸಾರಾಂಗದಿಂದ ಪುಟ್ಟ ಪುಸ್ತಕಗಳಾಗಿ ಬಂದವು. ನನ್ನ ಪ್ರಕಾರ ಅವರ ಆಡಳಿತದ ಜೀವ ಇರುವುದು ಇಲ್ಲೇ.

ಇನ್ನೊಂದು ದೊಡ್ಡ ಕೆಲಸ ಕುಕ್ಕರಹಳ್ಳಿ ಕೆರೆಯ ಆಚೆ ನಡೆಯಿತು. ಆಗ ಎಂ.ಎ., ಎಂ.ಎಸ್ಸಿ. ಪಾಠಗಳಿಗೆ ತಮ್ಮದೇ ಆದ ಜಾಗ ಇರಲಿಲ್ಲ. ಕಲಾ ವಿಭಾಗ ಹೆಚ್ಚಾಗಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಉನ್ನತ ಓದಿಗೆಂದೇ ಒಂದು ಆವರಣ ಬೇಕು ಎಂದು ಕುವೆಂಪು ಹಟ ಹಿಡಿದರು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ.

1960ರಲ್ಲಿ ಅವರು ನಿವೃತ್ತರಾದರು. ನಾಲ್ಕೇ ವರ್ಷದಲ್ಲಿ, 1964ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಯಿತು. ಸೆಂಟ್ರಲ್ ಕಾಲೇಜು ಅದರ ಪಾಲಾಯಿತು. ಮಾನಸಗಂಗೋತ್ರಿ ಅಷ್ಟರಲ್ಲಿ ಕಣ್ಣು ಬಿಟ್ಟಿರದಿದ್ದರೆ, ಎಂ.ಎಸ್ಸಿ. ಓದಿಗೆ ಮೈಸೂರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.