ಉಪ್ಪಿನ ಅಯೋಡಿನ್, ಮದ್ದಿನ ಅಯೋಡಿನ್

ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಸೂಸುವ ಅಯೋಡಿನ್ ಕೊಡುವ ಮುಂಚೆ, ಒಂದೆರಡು ವಾರ ಅಯೋಡಿನ್ ಉಪ್ಪು ಬಿಡಿ ಅಂತ ಹೇಳುತ್ತೇವೆ. ತಕ್ಷಣ ಪ್ರಶ್ನೆ ಬರುತ್ತದೆ: "ಉಪ್ಪಲ್ಲಿರೋದು ಬೇಡ, ನೀವು ಕೊಡೋದು ಬೇಕಾ ಡಾಕ್ಟ್ರೇ? ಎರಡೂ ಅಯೋಡಿನ್ನೇ ಅಲ್ವಾ?"

ಹೌದು, ಎರಡೂ ಅಯೋಡಿನ್ನೇ. ಪರಮಾಣು ಯಾವುದೆಂದು ಹೇಳುವುದು ಪ್ರೋಟಾನ್‌ಗಳ ಲೆಕ್ಕ. 53 ಇದ್ದರೆ ಅಯೋಡಿನ್. ವ್ಯತ್ಯಾಸ ಇರುವುದು ನ್ಯೂಟ್ರಾನ್‌ಗಳಲ್ಲಿ: ಉಪ್ಪಿನದರಲ್ಲಿ 74, ಮದ್ದಿನದರಲ್ಲಿ 78. ಪ್ರೋಟಾನ್ ಜೊತೆ ಕೂಡಿಸಿದರೆ 127 ಮತ್ತು 131. ಮದ್ದಿಗೆ ಅಯೋಡಿನ್-131 ಅನ್ನುವುದು ಅದಕ್ಕೇ.

ಪ್ರೋಟಾನ್, ನ್ಯೂಟ್ರಾನ್ ಎರಡೂ ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ನಲ್ಲಿ ಒತ್ತೊತ್ತಾಗಿರುತ್ತವೆ. ಪರಮಾಣುವಿನ ಅಗಲದಲ್ಲಿ ಅದು ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ, ಆದರೆ ತೂಕವೆಲ್ಲ ಹೆಚ್ಚೂಕಡಿಮೆ ಅಲ್ಲೇ. ಒಂದು ಪ್ರೋಟಾನ್ ಎಲೆಕ್ಟ್ರಾನ್‌ಗಿಂತ ಸುಮಾರು 1836 ಪಟ್ಟು ಭಾರ.

ಥೈರಾಯ್ಡ್ ಗ್ರಂಥಿಗೆ ಆ ನ್ಯೂಕ್ಲಿಯಸ್‌ನ ಗೊಡವೆಯೇ ಇಲ್ಲ. ರಾಸಾಯನಿಕ ಕ್ರಿಯೆ ನಡೆಯುವುದು ಹೊರಗಿನ ಎಲೆಕ್ಟ್ರಾನ್‌ಗಳಿಂದ, ಅವು ಎರಡು ಪರಮಾಣುಗಳಲ್ಲೂ 53. ಹಾಗಾಗಿ ಗ್ರಂಥಿ ಎರಡನ್ನೂ ಒಂದೇ ಥರ ಒಳಗೆಳೆದುಕೊಳ್ಳುತ್ತದೆ. ಉಪ್ಪಿನ ಅಯೋಡಿನ್ ಮೊದಲೇ ತುಂಬಿದ್ದರೆ ಮದ್ದಿನದು ಕಡಿಮೆ ಹಿಡಿಯುತ್ತದೆ. ಅದಕ್ಕೇ ಈ ಪಥ್ಯ.

ಒಳಗೆ ಹೋದ ಮೇಲೆ ಕೆಲಸ ನ್ಯೂಕ್ಲಿಯಸ್‌ನದು. 78 ನ್ಯೂಟ್ರಾನ್ ಅದಕ್ಕೆ ಜಾಸ್ತಿಯಾಯಿತು. ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಒಂದು ಎಲೆಕ್ಟ್ರಾನ್ ರಭಸದಿಂದ ಹೊರಬೀಳುತ್ತದೆ. ಇದು ಹೊರಗಿನ 53ರಲ್ಲಿ ಒಂದಲ್ಲ, ಆ ಕ್ಷಣದಲ್ಲೇ ನ್ಯೂಕ್ಲಿಯಸ್‌ನಲ್ಲಿ ಹುಟ್ಟಿದ್ದು. ವೈದ್ಯಕೀಯ ವಿದ್ಯಾರ್ಥಿಗಳೂ ಇಲ್ಲಿ ಎಡವುತ್ತಾರೆ. ಪ್ರೋಟಾನ್ 54 ಆಯಿತಲ್ಲ, ಇನ್ನು ಅದು ಅಯೋಡಿನ್ ಅಲ್ಲ, ಕ್ಸೆನಾನ್ ಅನಿಲ! ಯಾವ ನ್ಯೂಕ್ಲಿಯಸ್ ಯಾವಾಗ ಬದಲಾಗುತ್ತದೆಂದು ಯಾರೂ ಹೇಳಲಾರರು. ಸುಮಾರು 8 ದಿನಕ್ಕೆ ಅರ್ಧದಷ್ಟು ಬದಲಾಗಿರುತ್ತವೆ ಅನ್ನುವುದು ಮಾತ್ರ ಖಚಿತ.

ಹೊರಬಿದ್ದ ಎಲೆಕ್ಟ್ರಾನ್ ಒಂದೆರಡು ಮಿಲಿಮೀಟರಿನೊಳಗೇ ನಿಲ್ಲುತ್ತದೆ. ಅಯೋಡಿನ್ ಹಿಡಿದ ಕ್ಯಾನ್ಸರ್ ಕೋಶಗಳಿಗೆ ಪೆಟ್ಟು ಬೀಳುತ್ತದೆ, ದೂರದ ಅಂಗಾಂಗಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಜೊತೆಗೇ ಹೊರಡುವ, ಎಕ್ಸ್-ರೇಯಂಥ ಗ್ಯಾಮಾ ಕಿರಣದ ಕತೆ ಬೇರೆ. ನ್ಯೂಕ್ಲಿಯಸ್ ಉಳಿದ ಶಕ್ತಿಯನ್ನು ಹೀಗೆ ಚೆಲ್ಲುತ್ತದೆ, ಅದು ಮೈಯಿಂದ ಆಚೆಗೂ ಬರುತ್ತದೆ. ಅದರಿಂದಲೇ, ಆ ಕಿರಣ ಹಿಡಿಯುವ ನಮ್ಮ ಆಸ್ಪತ್ರೆ ಕ್ಯಾಮೆರಾಗೆ ಚಿತ್ರ ಸಿಗುವುದು. ಮನೆಗೆ ಹೋದಮೇಲೂ ಕೆಲವು ದಿನ ಮಕ್ಕಳನ್ನು ತೊಡೆಮೇಲೆ ಕೂರಿಸಿಕೊಳ್ಳಬೇಡಿ, ಗರ್ಭಿಣಿಯರಿಂದ ದೂರ ಇರಿ ಅನ್ನುವುದೂ ಅದರಿಂದಲೇ. ದೂರ ಎರಡರಷ್ಟಾದರೆ ತಾಗುವ ಕಿರಣ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಬೇರೆ ಕೋಣೆಯಲ್ಲಿ ಮಲಗಿದರೆ ಸಾಕು, ಊರು ಬಿಡಬೇಕಿಲ್ಲ.